ಜಮಖಂಡಿಯ ಹುಡುಗ ಬರೆದ ಚರಿತ್ರೆ

ಚರಿತ್ರೆ ಎಂದೊಡನೆ ನಿಮಗೆ ಅರಸರು, ಯುದ್ಧಗಳು ನೆನಪಾಗುತ್ತವೆ. ವಿಚಾರಗಳಿಗೂ ಚರಿತ್ರೆಯುಂಟು. ಅದನ್ನು ಬರೆದವರಲ್ಲಿ ಒಬ್ಬರು ರಾಮಚಂದ್ರ ದತ್ತಾತ್ರೇಯ ರಾನಡೆ.

ಅವರು ಹುಟ್ಟಿದ್ದು 1886ರಲ್ಲಿ, ಆಗ ಪಟವರ್ಧನರ ಸಂಸ್ಥಾನವಾಗಿದ್ದ ಜಮಖಂಡಿಯಲ್ಲಿ. ಅಲ್ಲಿನ ಪರಶುರಾಮಭಾವೂ ಹೈಸ್ಕೂಲಿನಲ್ಲಿ ಓದಿ, 1902ರಲ್ಲಿ ಮೆಟ್ರಿಕ್ ಮುಗಿಸಿ, ಪುಣೆಯ ಡೆಕ್ಕನ್ ಕಾಲೇಜು ಸೇರಿದರು. ನಡುವೆ ಕಾಯಿಲೆ ಓದಿಗೆ ಅಡ್ಡಬಂದಿತು. ಆದರೂ 1914ರಲ್ಲಿ ಎಂ.ಎ. ಪಡೆದರು. ಫರ್ಗ್ಯೂಸನ್ ಕಾಲೇಜಿನಲ್ಲಿ, ಮುಂದೆ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಬೋಧಿಸಿದರು.

ಭಾರತೀಯ ತತ್ತ್ವಶಾಸ್ತ್ರದ ಚರಿತ್ರೆಗೆ ಸಂಸ್ಕೃತ ಗ್ರಂಥಗಳಷ್ಟೇ ಸಾಕೇ? ಉಪನಿಷತ್ತುಗಳನ್ನು ಆಳವಾಗಿ ಬಲ್ಲ ರಾನಡೆಯವರು ಅಲ್ಲಿಗೇ ನಿಲ್ಲಲಿಲ್ಲ. ಮಹಾರಾಷ್ಟ್ರದ ಅನುಭಾವವನ್ನು ಕುರಿತ 1933ರ ಸಂಪುಟದಲ್ಲಿ ಜ್ಞಾನೇಶ್ವರ, ನಾಮದೇವ, ಏಕನಾಥ, ತುಕಾರಾಮ, ರಾಮದಾಸರ ಮರಾಠಿ ನುಡಿಗಳನ್ನೇ ಆಧಾರವಾಗಿಟ್ಟುಕೊಂಡರು. ಪ್ರಯೋಗಾಲಯದಲ್ಲಿ ಹಲವರ ಟಿಪ್ಪಣಿಗಳನ್ನು ಹೋಲಿಸುವಂತೆ ಸಂತರ ಅನುಭವಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರು. ಆಮೇಲೆ ಕನ್ನಡದ ಶರಣರು, ಹರಿದಾಸರತ್ತ ತಿರುಗಿದರು. 1957ರಲ್ಲಿ ನಿಂಬಾಳದಲ್ಲಿ ತೀರಿಕೊಂಡರು. ಕನ್ನಡ ಸಾಹಿತ್ಯ ಕುರಿತ ಆ ಗ್ರಂಥ 1960ರಲ್ಲಿ ಹೊರಬಂದಿತು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಭಜನೆಗಳಲ್ಲಿ ಹಾಡುವ ಪದಗಳೂ ಇಂಥ ಆಧಾರಗಳೇ. ನಿಮ್ಮ ಊರಿನ ಹಿರಿಯರನ್ನು ಕೇಳಿ, ಬರೆದಿಡಿ. ಹಾಡುವವರು ಇಲ್ಲವಾದ ಮೇಲೆ ಹುಡುಕಿದರೆ ಸಿಗುವುದಿಲ್ಲ.