‘ಉಡುಪಿ’ ಎಂಬ ಫಲಕ

ಗ್ರಾಹಕ ಸಂಸ್ಕೃತಿಯಲ್ಲಿ ಸಂಕೇತವು ವಾಸ್ತವದ ನಂಟನ್ನು ಕಳಚಿಕೊಂಡು ಇತರ ಸಂಕೇತಗಳನ್ನಷ್ಟೇ ಸೂಚಿಸತೊಡಗುತ್ತದೆ ಎಂಬ ವಾದವನ್ನು ಫ್ರಾನ್ಸಿನ ಚಿಂತಕ ಬೋದ್ರಿಯಾರ್ 1981ರ ತನ್ನ ಗ್ರಂಥದಲ್ಲಿ ಮಂಡಿಸಿದ. ಇದನ್ನು ಪರೀಕ್ಷಿಸಲು ಹೊರನಾಡಿನಲ್ಲಿರುವ ನಾವು ದೂರ ಹೋಗಬೇಕಾಗಿಲ್ಲ. ಮುಂಬಯಿ, ಚೆನ್ನೈಗಳ ಬೀದಿಗಳಲ್ಲಿ ಕಾಣುವ ‘ಉಡುಪಿ’ ಎಂಬ ಹೋಟೆಲಿನ ಫಲಕವೇ ಸಾಕು.

ಆರಂಭದಲ್ಲಿ ಈ ಹೆಸರಿಗೆ ಗಟ್ಟಿಯಾದ ಅರ್ಥವಿತ್ತು. ಕೃಷ್ಣಮಠದ ಪರಿಸರದ ಪಾಕಪದ್ಧತಿ, ಈರುಳ್ಳಿ ಬೆಳ್ಳುಳ್ಳಿಗಳಿಲ್ಲದ ಸಾರು ಹುಳಿ, ಬ್ರಾಹ್ಮಣ ಅಡುಗೆಯವನ ಕೈ, ಇವೆಲ್ಲಕ್ಕೂ ಫಲಕ ಜಾಮೀನಾಗಿತ್ತು. ದಕ್ಷಿಣ ಕನ್ನಡವು 1956ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದುದರಿಂದ ಅಲ್ಲಿಗೆ ವಲಸೆ ಹೋಗುವುದು ಸಹಜವಾಗಿತ್ತು. ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯ ಬಂಗಲೆಯೊಂದರಲ್ಲಿ ವುಡ್‌ಲ್ಯಾಂಡ್ಸ್ ತೆರೆದರು. ಬಂಗಲೆಯ ಹೆಸರು ಹೋಟೆಲಿಗೆ ಬಂತು. ಅನಂತರ ಆ ಬಂಗಲೆಯನ್ನೇ ಕಾಣದ ಊರುಗಳಿಗೂ ಹೋಯಿತು. ಮುಂಬಯಿಯ ಮಾಟುಂಗಾದಲ್ಲಿ 1942ರಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭವಾಯಿತು.

ಕಳೆದುಹೋದ ಆ ವಾಸ್ತವಕ್ಕಾಗಿ ಮರುಗುವ ಮುನ್ನ ಅದರ ಒಳಗನ್ನೂ ನೋಡಬೇಕು. ಮದ್ರಾಸಿನ ಹಲವು ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಪಂಕ್ತಿಯಿತ್ತು. ಸಂವಿಧಾನದ 15ನೆಯ ವಿಧಿಯು 1950ರಲ್ಲಿ ಹೋಟೆಲಿನ ಬಾಗಿಲನ್ನು ಎಲ್ಲರಿಗೂ ತೆರೆಯಿತು. ಫಲಕಗಳು ಮಾತ್ರ ಹಾಗೆಯೇ ಉಳಿದವು. 1957ರಲ್ಲಿ ಪೆರಿಯಾರರ ಅನುಯಾಯಿಗಳು, ‘ಬ್ರಾಹ್ಮಣ’ ಎಂಬ ಪದವನ್ನು ಫಲಕದಿಂದ ಅಳಿಸಬೇಕೆಂದು ಟ್ರಿಪ್ಲಿಕೇನಿನ ಹೋಟೆಲೊಂದರ ಮುಂದೆ ತಿಂಗಳುಗಟ್ಟಲೆ ಚಳವಳಿ ಹೂಡಿದರು. ಪದ ಪೊಳ್ಳಾಗಿದ್ದಿದ್ದರೆ ಅದಕ್ಕಾಗಿ ಯಾರೂ ಬಂಧನಕ್ಕೊಳಗಾಗುತ್ತಿರಲಿಲ್ಲ. ಸಂಕೇತವು ವಾಸ್ತವಕ್ಕೆ ಅಂಟಿಕೊಂಡಿದ್ದುದೇ ಅಲ್ಲಿನ ತಕರಾರು. ಬೋದ್ರಿಯಾರನ ವಾದದಲ್ಲಿ ಇಂಥ ಪ್ರಸಂಗಕ್ಕೆ ಸ್ಥಳವಿದ್ದಂತೆ ನಮಗೆ ತೋರುವುದಿಲ್ಲ.

ಮುಂಬಯಿಯಲ್ಲಿ ಹೆಸರು ಸವೆದದ್ದು ಚಳವಳಿಯಿಂದಲ್ಲ, ವ್ಯಾಪಾರದಿಂದ. ಬಂಟರೂ ಇತರ ಸಮುದಾಯದವರೂ ಮಾಲೀಕರಾದರು. ಪಾವ್‌ಭಾಜಿ, ಪನೀರು, ನೂಡಲ್ಸ್ ಅಡುಗೆಮನೆಯನ್ನು ಹೊಕ್ಕವು. (ಅಲ್ಲಿನ ‘ಮೈಸೂರು ಮಸಾಲೆ’ಯನ್ನು ಮೈಸೂರಿನವರು ಗುರುತಿಸುವುದು ಕಷ್ಟ.) ‘ಉಡುಪಿ’ ಎಂದರೆ ಈಗ ಸಸ್ಯಾಹಾರ, ಬೇಗ, ಕೈಗೆಟಕುವ ಬೆಲೆ, ಇಷ್ಟೇ. ಅರ್ಥ ಹೀಗೆ ತೆಳುವಾದುದರಿಂದಲೇ ಯಾವ ಜಾತಿಯವರಾದರೂ ಆ ಹೆಸರಿನಲ್ಲಿ ವ್ಯಾಪಾರ ಮಾಡುವಂತಾಯಿತು, ಯಾರ ಪಕ್ಕದಲ್ಲಿ ಯಾರಾದರೂ ಕೂತು ಉಣ್ಣುವಂತಾಯಿತು.

ಆದರೆ ಅರ್ಥ ತುಂಬಿದ್ದಾಗಲೂ ಬರಿದಾದಾಗಲೂ ಈ ಫಲಕ ಸೂಚಿಸದ ವಾಸ್ತವವೊಂದಿದೆ. ಹಗಲು ತಟ್ಟೆ ಲೋಟ ತೊಳೆದು, ಇರುಳು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ಹುಡುಗರು ಅದರ ಹಿಂದೆ ಇದ್ದರು. ಆ ಶಾಲೆಗಳ ಹಾಜರಿ ಪುಸ್ತಕಗಳು ಎಲ್ಲಿಯಾದರೂ ಉಳಿದಿದ್ದರೆ ಉಡುಪಿ ಹೋಟೆಲಿನ ಚರಿತ್ರೆಯನ್ನು ಅವುಗಳಿಂದ ಬರೆಯತೊಡಗಬಹುದು.