ಅಮೆರಿಕದ ಯುದ್ಧ, ನಮ್ಮ ಹತ್ತಿ, ಮುಂಬೈ ಶೇರು

ಬ್ಯಾಡಗಿ ಪ್ಯಾಟಿಯಲ್ಲಿ ಈ ವಾರ ‘ಮಾಲಿಲ್ಲ, ದರ ಏರ್ತದ’ ಅಂದವರೇ ಮುಂದಿನ ವಾರ ‘ಮಾಲು ಭಾಳ ಬಂತು, ದರ ಇಳೀತದ’ ಅನ್ನುತ್ತಾರೆ. ಶೇರು ಮಾರುಕಟ್ಟೆಯ ಸುದ್ದಿಯೂ ಹೀಗೇ. ಈಗ ಹಾವೇರಿ, ರಾಣೆಬೆನ್ನೂರು ಕಡೆಯ ಹಳ್ಳಿಗಳಲ್ಲೂ ಮೊಬೈಲಿನಲ್ಲೇ ಶೇರು ಕೊಳ್ಳುವವರಿದ್ದಾರೆ. ಹಾಗಾಗಿ ನಮ್ಮ ಸೀಮೆಯ ಹತ್ತಿಗೂ ಮುಂಬೈ ಶೇರಿಗೂ ಗಂಟು ಬಿದ್ದಿದ್ದ ಹಳೆಯ ಸಂಗತಿಯೊಂದನ್ನು ನೋಡೋಣ.

1860ರ ಹೊತ್ತಿಗೆ ಈ ಮೂರೂ ಊರುಗಳು ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. ರೈಲು ಇನ್ನೂ ಬಂದಿರಲಿಲ್ಲ. ಜಿಲ್ಲೆಯ ಹತ್ತಿ ಚಕ್ಕಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ, ಅಲ್ಲಿಂದ ಸಮುದ್ರದ ಮೇಲೆ ಮುಂಬೈಗೆ ಹೋಗುತ್ತಿತ್ತು. ನಮ್ಮ ಜವಾರಿ ಹತ್ತಿಗೆ ವ್ಯಾಪಾರದಲ್ಲಿ ‘ಕುಮಟಾ ಹತ್ತಿ’ ಎಂದೇ ಹೆಸರು.

ಇಂಗ್ಲೆಂಡಿನ ಗಿರಣಿಗಳು ಹೆಚ್ಚಾಗಿ ನೆಚ್ಚಿಕೊಂಡಿದ್ದು ಅಮೆರಿಕದ ಹತ್ತಿಯನ್ನು. 1861ರಲ್ಲಿ ಅಲ್ಲಿ ಅಂತರ್ಯುದ್ಧ ಶುರುವಾಗಿ, ಉತ್ತರದವರ ನೌಕಾಪಡೆ ದಕ್ಷಿಣದ ಬಂದರುಗಳಿಗೆ ಅಡ್ಡಗಟ್ಟಿತು. ಗಿರಣಿಗಳು ಭಾರತದತ್ತ ತಿರುಗಿದವು. ಹತ್ತಿ ದರ ಹಲವು ಪಟ್ಟು ಏರಿತು. ಇಲ್ಲಿಯವರೆಗಿನ ಸುದ್ದಿ ನಿಜವೇ: ಕೊಳ್ಳುವವರಿದ್ದರು, ಮಾಲು ಕಡಿಮೆ ಇತ್ತು.

ಎಡವಟ್ಟಾಗಿದ್ದು ಮುಂದೆ. ಹತ್ತಿಯ ದುಡ್ಡು ಮುಂಬೈಯಲ್ಲಿ ತುಂಬಿ ತುಳುಕಿತು. ದಿನಕ್ಕೊಂದು ಬ್ಯಾಂಕು, ಕಂಪನಿ ಹುಟ್ಟತೊಡಗಿದವು. ಸಮುದ್ರಕ್ಕೆ ಮಣ್ಣು ತುಂಬಿ ಜಾಗ ಮಾರುತ್ತೇವೆ ಎಂದ ಬ್ಯಾಕ್ ಬೇ ಕಂಪನಿಯ 5,000 ರೂಪಾಯಿ ಶೇರು 50,000ದ ಹತ್ತಿರ ಹೋಯಿತು. ಜಾಗವಿನ್ನೂ ನೀರಿನಲ್ಲೇ ಇತ್ತು! ದಲಾಲಿ ಪ್ರೇಮಚಂದ ರಾಯಚಂದ ಕೈಯಿಟ್ಟ ಶೇರು ಬಂಗಾರ ಎಂದು ಜನ ನಂಬಿದರು. ಶೇರನ್ನೇ ಒತ್ತೆಯಿಟ್ಟು ಸಾಲ ತಂದು ಮತ್ತೆ ಶೇರು ಕೊಂಡರು.

1865ರ ಏಪ್ರಿಲ್‌ನಲ್ಲಿ ದಕ್ಷಿಣದ ಸೇನಾನಿ ಲೀ ಶರಣಾದ. ಯುದ್ಧ ಮುಗಿಯುವ ಸುದ್ದಿ ಮುಂಬೈ ಮುಟ್ಟುತ್ತಲೇ ಹತ್ತಿ ದರ ಬಿತ್ತು, ಶೇರುಗಳೂ ಬಿದ್ದವು. ಜುಲೈ 1ರಂದು, ಮುಂಗಡ ಒಪ್ಪಂದಗಳ ಲೆಕ್ಕ ತೀರಿಸುವ ದಿನ, ಕೊಡಲು ಯಾರ ಕೈಯಲ್ಲೂ ಹಣವಿರಲಿಲ್ಲ. ಪ್ರೇಮಚಂದರೂ ದಿವಾಳಿಯಾದರು. ಬ್ಯಾಂಕ್ ಆಫ್ ಬಾಂಬೆ 1868ರಲ್ಲಿ ಮುಚ್ಚಿತು.

ಯುದ್ಧ ಸುಳ್ಳಾಗಿರಲಿಲ್ಲ. ಅದು ಎಂದೂ ಮುಗಿಯುವುದಿಲ್ಲ ಎಂಬಂತೆ ಜನ ಲೆಕ್ಕ ಹಾಕಿದ್ದು ತಪ್ಪು. ಹತ್ತಿ ಮಾರಿ ರೊಕ್ಕ ಎಣಿಸಿಕೊಂಡವನು ಉಳಿದ. ಏರಿದ ದರವನ್ನೇ ನಂಬಿ ಸಾಲ ಮಾಡಿದವನು ಮುಳುಗಿದ.

ಬ್ಯಾಡಗಿಯಲ್ಲೂ ಇಂಥ ಪೆಟ್ಟು ನೋಡಿದ್ದೇವೆ. ಹಿಂದಿನ ವರ್ಷಗಳ ಒಳ್ಳೆಯ ದರ ನಂಬಿ ಹಲವರು ಮೆಣಸಿನಕಾಯಿಗೆ ಖರ್ಚು ಹಾಕಿದ್ದರು. 2024ರ ಮಾರ್ಚ್ 11ರಂದು ದರ ಕುಸಿದಾಗ ಎಪಿಎಂಸಿ ಆವರಣದಲ್ಲಿ ವಾಹನಗಳಿಗೆ ಬೆಂಕಿ ಬಿತ್ತು. ಆವಕ ಹೆಚ್ಚಾಯಿತು ಎಂದರು ಕೆಲವರು, ವರ್ತಕರ ಕೈವಾಡ ಎಂದರು ರೈತರು. ಕಾರಣ ಯಾವುದೇ ಇರಲಿ, ಸಾಲದ ಕಂತು ಮಾತ್ರ ಇಳಿಯಲಿಲ್ಲ.

ಮೊಬೈಲಿನ ಆಟ ಇನ್ನೂ ಕಠಿಣ. ಸೆಬಿ 2024ರಲ್ಲಿ ಹೇಳಿದ ಪ್ರಕಾರ, ಹಿಂದಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ಗೆ ಇಳಿದ ಸಾಮಾನ್ಯರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡಿದ್ದಾರೆ.

‘ಈ ಶೇರು ಏರ್ತದ’ ಎಂದು ಯಾರಾದರೂ ಹೇಳಿದರೆ ಎರಡು ಮಾತು ಕೇಳಿ. ಏರಲು ಕಾರಣವೇನು? ಆ ಕಾರಣ ಎಷ್ಟು ದಿನ ಇರುತ್ತದೆ? ಎರಡಕ್ಕೂ ಉತ್ತರ ಸಿಕ್ಕರೂ ಬೀಜ-ಗೊಬ್ಬರದ ದುಡ್ಡನ್ನು ಅದಕ್ಕೆ ಹಾಕಬೇಡಿ.