ತಂತಿಯಿಲ್ಲದ ಕಡಿವಾಣ

ಅಂಗೈ ಮೇಲೆ ಕೋಲು ನಿಲ್ಲಿಸುವ ಆಟವನ್ನು ಬಾಲ್ಯದಲ್ಲಿ ಆಡದವರು ವಿರಳ. ಕೋಲು ವಾಲಿದ್ದನ್ನು ಕಣ್ಣು ಕಾಣುತ್ತದೆ. ಕೈ ಅದೇ ದಿಕ್ಕಿಗೆ ಸರಿಯುತ್ತದೆ. ಕಣ್ಣಿನ ಸುದ್ದಿ ಕೊಂಚ ತಡವಾದರೂ ಕೋಲು ನೆಲ ಸೇರುತ್ತದೆ. ಆಗಿದ್ದನ್ನು ಅಳೆದು, ಅದಕ್ಕೆ ತಕ್ಕಂತೆ ಮುಂದಿನ ಚಲನೆಯನ್ನು ತಿದ್ದಿಕೊಳ್ಳುವ ಈ ಕ್ರಮಕ್ಕೆ ಎಂಜಿನಿಯರುಗಳು ಫೀಡ್‌ಬ್ಯಾಕ್ ನಿಯಂತ್ರಣ ಎನ್ನುತ್ತಾರೆ. ಯಂತ್ರಗಳು ಈ ವಿದ್ಯೆ ಕಲಿತು ಎರಡು ಶತಮಾನಗಳೇ ಕಳೆದಿವೆ. ಆದರೆ ಪುಟ್ಟ ಬ್ಯಾಟರಿಯ ರೇಡಿಯೋಗಳನ್ನೇ ನಂಬಿ, ನಡುವೆ ತಂತಿಯಿಲ್ಲದೆ ಈ ಆಟವಾಡಲು ಸಾಧ್ಯವಾದದ್ದು ತೀರಾ ಈಚೆಗೆ.

1788ರಲ್ಲಿ ಇಂಗ್ಲೆಂಡಿನಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರಕ್ಕೆ ಗವರ್ನರ್ ಎಂಬ ಸಾಧನವನ್ನು ಜೋಡಿಸಿದ. ಯಂತ್ರದ ವೇಗ ಹೆಚ್ಚಿದರೆ ಎರಡು ಗುಂಡುಗಳು ತಿರುಗುತ್ತಾ ಹೊರಕ್ಕೆ ಚಾಚಿ ಉಗಿಯ ಕವಾಟವನ್ನು ಮುಚ್ಚುತ್ತಿದ್ದವು; ವೇಗ ತಗ್ಗಿದರೆ ಕವಾಟ ತೆರೆಯುತ್ತಿತ್ತು. ಇಲ್ಲಿ ಸುದ್ದಿಯನ್ನು ಒಯ್ಯುತ್ತಿದ್ದುದು ಕಬ್ಬಿಣದ ಸರಳು. ಅದು ದಾರಿ ತಪ್ಪುವ ಮಾತೇ ಇರಲಿಲ್ಲ. ಆದರೂ ಕೆಲವು ಗವರ್ನರುಗಳು ಯಂತ್ರವನ್ನು ಹದಕ್ಕೆ ತರುವ ಬದಲು ಮತ್ತಷ್ಟು ತೂಗಾಡಿಸುತ್ತಿದ್ದವು. ಹೀಗೇಕೆ ಎಂಬುದನ್ನು 1868ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಗಣಿತದಿಂದ ವಿವರಿಸಿದ. ತಪ್ಪನ್ನು ತಿದ್ದಲು ಹೊರಟ ಕ್ರಮವೇ ತಪ್ಪನ್ನು ಹಿಗ್ಗಿಸಬಹುದು ಎಂಬುದು ಅದರ ಪಾಠ.

ತಂತಿರಹಿತ ನಿಯಂತ್ರಣದ ಕತೆಯೂ ಹಳೆಯದೇ. 1898ರಲ್ಲಿ ನ್ಯೂಯಾರ್ಕ್‌ನಲ್ಲಿ ನಿಕೋಲಾ ಟೆಸ್ಲಾ ರೇಡಿಯೋ ಅಲೆಗಳಿಂದ ಪುಟ್ಟ ದೋಣಿಯೊಂದನ್ನು ನಡೆಸಿ ಜನರನ್ನು ಬೆರಗುಗೊಳಿಸಿದ. ಆದರೆ ಗಾಳಿಯಲ್ಲಿ ಹೋದದ್ದು ಆಜ್ಞೆ ಮಾತ್ರ. ದೋಣಿ ಎತ್ತ ತಿರುಗಿತೆಂಬ ಸುದ್ದಿಯನ್ನು ತಂದದ್ದು ನಡೆಸುವವನ ಕಣ್ಣೇ.

1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ಅಲೋಹಾ ಜಾಲ ದ್ವೀಪಗಳ ನಡುವೆ ಕಂಪ್ಯೂಟರ್ ಸಂದೇಶಗಳನ್ನು ರೇಡಿಯೋ ಮೂಲಕ ರವಾನಿಸಿತು. ಇಬ್ಬರು ಒಟ್ಟಿಗೆ ಮಾತಾಡಿ ಸಂದೇಶಗಳು ಡಿಕ್ಕಿಯಾದರೆ, ಇಬ್ಬರೂ ಮನಬಂದಷ್ಟು ಹೊತ್ತು ಕಾದು ಮತ್ತೆ ಕಳಿಸಬೇಕು ಎಂಬುದು ಅಲ್ಲಿನ ನಿಯಮ. ಪತ್ರ ವ್ಯವಹಾರಕ್ಕೆ ಇದು ಸಾಕು. ಬೀಳುತ್ತಿರುವ ಕೋಲಿಗೆ ಸಾಲದು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾದೀತು.

ಬ್ಯಾಟರಿಯಲ್ಲಿ ವರ್ಷಗಟ್ಟಲೆ ನಡೆಯಬೇಕಾದ ಪುಟ್ಟ ರೇಡಿಯೋಗಳ ತೊಡಕು ಇನ್ನೂ ದೊಡ್ಡದು. ಅವುಗಳ ದನಿ ಕ್ಷೀಣ. ಶಕ್ತಿ ಉಳಿಸಲು ಹೆಚ್ಚಿನ ಹೊತ್ತು ನಿದ್ರಿಸಬೇಕು. ದೂರದ ಸುದ್ದಿಯನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸಬೇಕು. 2007ರಲ್ಲಿ ಕಾರ್ಖಾನೆಗಳಿಗಾಗಿ ಬಂದ ವೈರ್‌ಲೆಸ್ ಹಾರ್ಟ್ ಎಂಬ ಮಾನದಂಡ ಸಮಯವನ್ನು 10 ಮಿಲಿಸೆಕೆಂಡುಗಳ ಸರದಿಗಳಾಗಿ ಹಂಚಿತು. ನಿಧಾನವಾಗಿ ಬದಲಾಗುವ ತೊಟ್ಟಿಯ ಮಟ್ಟ, ಉಷ್ಣತೆಗಳ ಮಟ್ಟಿಗೆ ಇದು ಒದಗಿತು.

2011ರಲ್ಲಿ ಜೂರಿಕ್‌ನ ಇಟಿಎಚ್ ಸಂಶೋಧಕರು ಗ್ಲಾಸಿ ಎಂಬ ವಿಧಾನದಲ್ಲಿ ಸಮಸ್ಯೆಯನ್ನೇ ತಿರುವುಮುರುವು ಮಾಡಿದರು. ಸಂದೇಶ ಕೇಳಿದ ಎಲ್ಲ ರೇಡಿಯೋಗಳೂ ಸರದಿಗೆ ಕಾಯದೆ, ಅದನ್ನೇ ಏಕಕಾಲಕ್ಕೆ ಮರಳಿ ಸಾರುತ್ತವೆ. ಗಡಿಯಾರಗಳು ಒಂದು ಮೈಕ್ರೋಸೆಕೆಂಡಿಗಿಂತ ಕಡಿಮೆ ವ್ಯತ್ಯಾಸದಲ್ಲಿ ಹೊಂದಿಕೊಂಡಿದ್ದರೆ ದನಿಗಳು ಗದ್ದಲವಾಗದೆ ಭಜನೆಯ ಮೇಳದಂತೆ ಒಂದಾಗುತ್ತವೆ. ಸುದ್ದಿ ಇಡೀ ಜಾಲಕ್ಕೆ ಕ್ಷಣದಲ್ಲಿ ಹರಡುತ್ತದೆ.

2019ರಲ್ಲಿ ಜರ್ಮನಿ ಮತ್ತು ಸ್ವಿಟ್ಜರ್ಲೆಂಡಿನ ಸಂಶೋಧಕರು ಇದೇ ತತ್ವದ ಮೇಲೆ 20 ರೇಡಿಯೋಗಳ ಜಾಲ ಕಟ್ಟಿ, ಹಳಿಯ ಮೇಲಿನ ಗಾಡಿಗಳಲ್ಲಿ ಕೋಲು ನಿಲ್ಲಿಸಿ ತೋರಿಸಿದರು. ಸುದ್ದಿ ಹಲವು ರೇಡಿಯೋಗಳನ್ನು ದಾಟಿ ಬರುತ್ತಿದ್ದರೂ 20ರಿಂದ 50 ಮಿಲಿಸೆಕೆಂಡಿಗೊಮ್ಮೆ ಹೊಸ ಮಾಹಿತಿ ಸಿಗುತ್ತಿತ್ತು. ಇಲ್ಲಿ ಗಮನಿಸಬೇಕಾದದ್ದು ಬರೀ ವೇಗವನ್ನಲ್ಲ. ಸುದ್ದಿ ಎಷ್ಟು ತಡವಾಗುತ್ತದೆ ಎಂಬುದು ಮೊದಲೇ ಖಚಿತವಾಗಿದ್ದುದರಿಂದ, ಅಷ್ಟು ಹೊತ್ತಿಗೆ ಕೋಲು ಎಲ್ಲಿರುತ್ತದೆಂದು ಲೆಕ್ಕ ಹಾಕಿ ಆಜ್ಞೆ ಕಳಿಸಲು ಸಾಧ್ಯವಾಯಿತು. ನಡುವೆ ಕೆಲವು ಸಂದೇಶಗಳು ಕಳೆದುಹೋದರೂ ಈ ಅಂದಾಜು ಕೈಹಿಡಿಯಿತು.

ಅವಸರದ, ಅಪಾಯದ ಕೆಲಸಗಳಲ್ಲಿ ಕಾರ್ಖಾನೆಗಳು ತಂತಿಯನ್ನು ಇನ್ನೂ ಕೈಬಿಟ್ಟಿಲ್ಲ. ಅದು ಸಹಜವೂ ಹೌದು. ವಾಟ್‌ನ ಸರಳಿನಷ್ಟು ನಂಬಿಕೆಯನ್ನು ಗಾಳಿ ಗಳಿಸಬೇಕಾದರೆ, ಸುದ್ದಿ ಬೇಗ ಬಂದರಷ್ಟೇ ಸಾಲದು. ಹೇಳಿದ ಹೊತ್ತಿಗೆ ಬರಬೇಕು.